ಸುತ್ತು ಎಣಿಸುವಾಗ ಮಾತಾಡಿಸಬಾರದು

ನಮ್ಮ ಬ್ಯಾಚಿನಲ್ಲಿ ಎನ್‌ಸಿಸಿಗೆ ಸೇರಿದವರಲ್ಲಿ ಪರೇಡ್ ಮುಗಿದ ಮೇಲಿನ ತಿಂಡಿಗಾಗಿ ಬಂದವರೇ ಹೆಚ್ಚು. ನಾನೂ ಅದೇ ಪೈಕಿ. ಈಗ ನಮ್ಮೊಂದಿಗಿಲ್ಲದ ನಮ್ಮ ಗೆಳೆಯ, ಅವನೊಬ್ಬ ಮಾತ್ರ ಎನ್‌ಸಿಸಿಯ ಕೊನೆಯ ಹಂತದ 'ಸಿ' ಸರ್ಟಿಫಿಕೇಟ್ ಕೈಗೆ ಬರುವ ತನಕ ಪಟ್ಟು ಬಿಡಲಿಲ್ಲ. ಹಾಗಂತ ಮಾದರಿ ಕೆಡೆಟ್ ಏನಲ್ಲ; ಪಾಯಿಂಟ್ ಟೂ ಟೂ ರೈಫಲ್ ಹಿಡಿದರೆ ಗುರಿಗಿಂತ ಅದರ ಹಿಂದಿನ ಮಣ್ಣಿನ ದಿಬ್ಬಕ್ಕೇ ಜಾಸ್ತಿ ಗುಂಡು ಬೀಳುತ್ತಿತ್ತು. ಆದರೆ ಕ್ಯಾಂಪಿನಲ್ಲಿ ಜನರೇಟರ್ ಕೈಕೊಟ್ಟ ರಾತ್ರಿ ಸುಬೇದಾರ್ ಸಾಹೇಬರು ಟಾರ್ಚ್ ಹಿಡಿದು ಹುಡುಕಿಕೊಂಡು ಬಂದದ್ದು ಅವನನ್ನೇ.

ಸೈನ್ಯದ ಖಾಯಂ ಭರ್ತಿಯಲ್ಲಿ ಅವನು ಆಯ್ಕೆಯಾಗಲಿಲ್ಲ. ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟ, ಮದುವೆಯಾದ, ಮಗಳು ಹುಟ್ಟಿದಳು. ಇನ್ನು ನೆಲೆ ನಿಂತ ಅಂದುಕೊಳ್ಳುವಷ್ಟರಲ್ಲಿ ಟೆರಿಟೋರಿಯಲ್ ಆರ್ಮಿ ಸೇರಿದೆ ಅಂದ. ಅದೇನೋ ನಮಗ್ಯಾರಿಗೂ ತಿಳಿಯದು. "ಧೋನಿ ಇದಾನಲ್ಲೋ, ಅದೇ" ಅಂದ. ಧೋನಿಗೆ 2011ರಲ್ಲಿ ಸಿಕ್ಕಿದ್ದು ಗೌರವ ಲೆಫ್ಟಿನೆಂಟ್ ಕರ್ನಲ್ ಹುದ್ದೆ, ಇವನು ಬರೀ ಸಿಪಾಯಿ. ಆ ವ್ಯತ್ಯಾಸ ಅವನಿಗೆ ದೊಡ್ಡದೆನಿಸಲೇ ಇಲ್ಲ.

1948ರ ಕಾಯ್ದೆಯಡಿ ರೂಪುಗೊಂಡು, 1949ರ ಅಕ್ಟೋಬರ್ 9ರಂದು ರಾಜಾಜಿಯವರಿಂದ ಉದ್ಘಾಟನೆಗೊಂಡ ಪಡೆ ಅದು. ಅದರಲ್ಲಿರುವವರಿಗೆ ಊರಿನಲ್ಲಿ ಬೇರೆ ದುಡಿಮೆ ಇರುತ್ತದೆ. ವರ್ಷಕ್ಕೊಮ್ಮೆ ತರಬೇತಿ, ಕರೆ ಬಂದರೆ ಸೇವೆ. 1962, 1965, 1971ರ ಯುದ್ಧಗಳಲ್ಲೂ ಈ ಪಡೆಯವರು ದುಡಿದಿದ್ದಾರೆ. ಸೇವೆಗೆ ಕರೆದ ಮೇಲೆ ಸೇನಾ ಕಾಯ್ದೆ ಇವರಿಗೂ ಅನ್ವಯ; ಗುಂಡಿಗಂತೂ ಖಾಯಂ ಯಾರು, ಅಲ್ಲದವರು ಯಾರು ಎಂಬುದು ಗೊತ್ತಾಗುವುದಿಲ್ಲ. ನಾವು ಮಾತ್ರ ಅವನನ್ನು ಅರ್ಧ ಸಿಪಾಯಿ ಅಂತ ರೇಗಿಸುತ್ತಿದ್ದೆವು. "ಮೇಲಿನರ್ಧಾನೋ ಕೆಳಗಿನರ್ಧಾನೋ, ಸರಿಯಾಗಿ ಹೇಳ್ರಪ್ಪಾ" ಅನ್ನುತ್ತಿದ್ದ.

ಶ್ರದ್ಧಾಂಜಲಿ ಸಭೆಯಲ್ಲಿ ಭಾಷಣಗಳು ಬಹಳ ಆದವು. ವೀರ, ಧೀರ, ಹುತಾತ್ಮ, ಎಲ್ಲವೂ ಸರಿ. ಆದರೆ ಬ್ಯಾನರಿನಲ್ಲಿದ್ದ ಆ ಬಿಗಿದ ಮುಖ ಯಾರದ್ದೂ ಆಗಿರಬಹುದಿತ್ತು. ನಾನು ಬಲ್ಲ ಅವನ ಮುಖ ಅಂಗಡಿಯದು.

ಬೇಸಿಗೆ ಬಂತೆಂದರೆ ವೋಲ್ಟೇಜ್ ಬಿದ್ದು ಊರಿನ ಬೋರ್‌ವೆಲ್ ಮೋಟಾರುಗಳೆಲ್ಲ ಸುಟ್ಟು ಅವನ ಬಾಗಿಲಿಗೆ ಬರುತ್ತಿದ್ದವು. ಸುಟ್ಟ ಕಾಯಿಲ್ ಕಿತ್ತು, ಸ್ಲಾಟ್ ಉಜ್ಜಿ, ಹೊಸ ತಂತಿ ಸುತ್ತಲು ಕೂತನೆಂದರೆ ಯಾರೂ ಮಾತಾಡಿಸುವಂತಿಲ್ಲ. ಒಂದು ಸುತ್ತು ತಪ್ಪಿದರೂ ಮತ್ತೆ ಮೊದಲಿಂದ. ಪಕ್ಕದಲ್ಲಿ ಮಗಳು ಸ್ಲೇಟು ಹಿಡಿದು ಕೂತಿರುತ್ತಿದ್ದಳು. ಅವನು ಹತ್ತು ಅಂದಾಗೊಮ್ಮೆ ಒಂದು ಗೀಟು. ಗಿರಾಕಿ ಬಾಯಿ ತೆರೆದರೆ ಅವಳೇ ತುಟಿಗೆ ಬೆರಳಿಟ್ಟು ಗದರುವಳು. ಮಗು ಎಣಿಕೆ ಕಲಿತದ್ದೇ ಹಾಗೆ, ಶಾಲೆಗೆ ಸೇರುವ ಮೊದಲೇ. ವಾರ್ನಿಷ್ ಮೆತ್ತಿದ ಕೈ ತೊಳೆದು ಅವಳಿಗೆ ಜಡೆ ಹಾಕುತ್ತಿದ್ದ. ಆ ಜಡೆಯ ಬಿಗಿ ನೋಡಿದರೆ ಇದೂ ರಿವೈಂಡಿಂಗೇ ಅನಿಸುತ್ತಿತ್ತು.

ತರಬೇತಿಗೆ ಹೊರಡುವ ಮುಂಚೆ ಒಪ್ಪಿಕೊಂಡ ಮೋಟಾರುಗಳನ್ನೆಲ್ಲ ಮುಗಿಸಿಕೊಟ್ಟೇ ಹೋಗುವುದು ಅವನ ಪದ್ಧತಿ. ಗಡಿಯ ಕಡೆಯಿಂದ ಸಿಗ್ನಲ್ ಸಿಕ್ಕಾಗ ಫೋನ್ ಮಾಡಿದರೂ ಹೆಂಡತಿಯ ಹತ್ತಿರ ಅರ್ಧ ಹೊತ್ತು ತಂತಿಯ ಗೇಜಿನ, ಅಂದರೆ ದಪ್ಪದ, ಮಾತೇ. ಯಾವ ಮೋಟಾರಿಗೆ ಯಾವ ತಂತಿ, ಯಾರಿಂದ ಎಷ್ಟು ಬಾಕಿ. ಅವರು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಕೊನೆಯ ಸಲ ಹೋದಾಗ ಏನಾಯಿತೆಂದು ಪತ್ರಿಕೆಗಳಲ್ಲಿ ಬಂದಿದೆ. ನಾನು ಅದನ್ನಿಲ್ಲಿ ಬರೆಯುವುದಿಲ್ಲ.

ಅಂಗಡಿ ಮುಚ್ಚಿಲ್ಲ. ಆ ನೋಟ್‌ಬುಕ್ ಇಟ್ಟುಕೊಂಡು ಈಗ ಅವನ ಹೆಂಡತಿಯೇ ನಡೆಸುತ್ತಿದ್ದಾರೆ, ಸಹಾಯಕ್ಕೆ ಒಬ್ಬ ಹುಡುಗನಿದ್ದಾನೆ. ಹಳೆಯ ವಿದ್ಯಾರ್ಥಿಗಳಲ್ಲಿ ತೋಟ ಇರುವವರು ಬಹಳಿದ್ದೀರಿ. ಮೋಟಾರ್ ಸುಟ್ಟರೆ ಅಲ್ಲಿಗೆ ಒಯ್ಯಿರಿ. ಕನಿಕರಕ್ಕೆ ಬೇಡ, ಕೆಲಸ ನಿಜಕ್ಕೂ ಚೆನ್ನಾಗಿದೆ. ಏಪ್ರಿಲ್‌ನಲ್ಲಿ ಮಾತ್ರ ಸರದಿ ಉದ್ದ, ಮುಂಚೆಯೇ ಹೇಳಿಡಿ.