ಆಪರೇಷನ್ ಫ್ರೀ, ಸೊಸೆ?

"ನೀವು ಆಪರೇಷನ್ ಫ್ರೀ ಅಂದ್ರಿ ಮೇಡಂ. ನಾನೂ ಫ್ರೀನಾ?"

ಕೊಡಗಿನ ಸಿದ್ದಾಪುರದ ಹತ್ತಿರ, ತೋಟದ ಕಾರ್ಮಿಕರ ಲೈನ್ ಮನೆಯೊಂದರ ಸೊಸೆ ಫೋನಿನಲ್ಲಿ ಹೀಗೆ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ವಯಸ್ಸಾದವರ ಪರವಾಗಿ ಆಸ್ಪತ್ರೆ, ತಾಲ್ಲೂಕು ಕಚೇರಿ ಅಂತ ಅಲೆಯುವುದೇ ನನ್ನ ಕೆಲಸ. ಅವಳ ಅತ್ತೆಯ ವಿಷಯದಲ್ಲಂತೂ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಜನವರಿಯಲ್ಲಿ ಅಜ್ಜಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಅಕ್ಕಪಕ್ಕದವರು ಜೀಪು ಮಾಡಿ ಸೀದಾ ಮೈಸೂರಿನ ಖಾಸಗಿ ಆಸ್ಪತ್ರೆಗೆ ಹೊರಟಿದ್ದರು. ನಾನು ತಡೆದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಆದರೆ ತುರ್ತು ಕೇಸ್ ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ತೋರಿಸಿ ರೆಫರಲ್ ಚೀಟಿ ತರಬೇಕು. ಆ ಒಂದು ಚೀಟಿ ಇಲ್ಲದೆ ತೋಟದ ಸಾಹುಕಾರರ ಹತ್ತಿರ ಸಾಲ ಮಾಡಿದವರನ್ನು ನೋಡಿದ್ದೇನೆ. ಚೀಟಿ ಸಿಕ್ಕಿತು, ಆಪರೇಷನ್ ಆಯಿತು, ಬಿಲ್ ಬರಲಿಲ್ಲ. ಫೈಲ್ ಮುಚ್ಚಿದೆ.

ತಿಂಗಳಾದ ಮೇಲೆ ಗೊತ್ತಾಯಿತು, ಅಜ್ಜಿಯನ್ನು ಮತ್ತೆ ತೋರಿಸಲು ಕರೆದುಕೊಂಡೇ ಹೋಗಿಲ್ಲ. ಸೊಸೆಗೆ ಫೋನ್ ಮಾಡಿ ಸ್ವಲ್ಪ ಜೋರಾಗಿಯೇ ಮಾತಾಡಿದೆ. ಆಗ ಬಂತು ಆ ಪ್ರಶ್ನೆ.

ಆಮೇಲೆ ಅವಳು ಲೆಕ್ಕ ಹೇಳಿದಳು. ಅದು ರೋಬಸ್ಟಾ ಕಾಫಿ ಕೊಯ್ಲಿನ ಸಮಯ. ಕುಯ್ದ ಹಣ್ಣಿಗೆ ಕೆಜಿ ಲೆಕ್ಕದಲ್ಲಿ ದುಡ್ಡು, ವರ್ಷದಲ್ಲಿ ಕೈಗೆ ನಾಲ್ಕು ಕಾಸು ಜಾಸ್ತಿ ಸಿಗುವುದು ಆಗ ಮಾತ್ರ. ಅಜ್ಜಿಯನ್ನು ಎತ್ತಿ ಕೂರಿಸಬೇಕು, ಕಕ್ಕಸಿಗೆ ಕರೆದೊಯ್ಯಬೇಕು, ರಾತ್ರಿ ಎರಡು ಸಲ ಏಳಬೇಕು. ಅವಳು ಒಂದು ದಿನವೂ ಕೊಯ್ಲಿಗೆ ಹೋಗಿರಲಿಲ್ಲ. ಯೋಜನೆಯ ದುಡ್ಡು ಆಸ್ಪತ್ರೆಯ ಬಾಗಿಲಿಗೇ ನಿಲ್ಲುತ್ತದೆ, ಜೀಪಿನ ಬಾಡಿಗೆ ಅದರಲ್ಲಿ ಇಲ್ಲ. ಅಜ್ಜಿಗೆ ಬರುವ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ. ಮೈಸೂರಿಗೆ ಒಂದು ಸಲ ಹೋಗಿ ಬರುವುದಕ್ಕೂ ಅದು ಸಾಲದು. ಬಸ್ಸಲ್ಲಿ ಹೋಗಿ ಅನ್ನೋಣವೇ? ಸೊಂಟ ಮುರಿದವರನ್ನು? ಮಾಲ್ದಾರೆ ಕಡೆ ಮುಂಜಾನೆ ಆನೆ ಭಯ ಬೇರೆ.

ಹಿರಿಯ ನಾಗರಿಕರ 2007ರ ಕಾಯ್ದೆಯನ್ನು ನಾನು ಎಷ್ಟು ಮನೆಗಳಲ್ಲಿ ವಿವರಿಸಿಲ್ಲ! ನೋಡಿಕೊಳ್ಳದ ಮಕ್ಕಳ ಮೇಲೆ ಎಸಿ, ಅಂದರೆ ಉಪವಿಭಾಗಾಧಿಕಾರಿಯವರ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಅದರಲ್ಲಿ ಮಕ್ಕಳು ಅಂದರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಸೊಸೆಯ ಹೆಸರೇ ಇಲ್ಲ. ಕೆಲಸ ಪೂರ್ತಿ ಅವಳದು. ನನ್ನ ಫೈಲಿನಲ್ಲೂ ಅವಳು ಬರೀ ಒಂದು ಫೋನ್ ನಂಬರ್ ಆಗಿದ್ದಳು.

ಈಗ ಡಿಸ್ಚಾರ್ಜ್‌ಗೆ ಮುಂಚೆ ನೋಡಿಕೊಳ್ಳುವವರನ್ನು ಪಕ್ಕಕ್ಕೆ ಕೂರಿಸಿ ಮಾತಾಡುತ್ತೇನೆ. ನಿಮ್ಮ ಕೆಲಸ ಎಷ್ಟು ದಿನ ನಿಲ್ಲುತ್ತದೆ? ಮನೆಯಲ್ಲಿ ಇನ್ಯಾರಿದ್ದಾರೆ? ಡಾಕ್ಟರ ಹತ್ತಿರವೂ ಸ್ವಲ್ಪ ಹಟ ಮಾಡುತ್ತೇನೆ: ಹೊಲಿಗೆಯನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಬಿಚ್ಚಬಹುದಾ, ಮೂರು ಸಲ ಬರುವುದನ್ನು ಒಂದೇ ಸಲಕ್ಕೆ ಮುಗಿಸಬಹುದಾ, ಮಾತ್ರೆಯನ್ನು ಜನೌಷಧಿಯಲ್ಲಿ ಸಿಗುವ ಹೆಸರಲ್ಲಿ ಬರೆದುಕೊಡುತ್ತೀರಾ? ಕೆಲವರು ಮುಖ ಗಂಟಿಕ್ಕುತ್ತಾರೆ. ಇಕ್ಕಲಿ.

ಇನ್ನೊಂದು, ದೂರದ ಮಕ್ಕಳಿಗೆ ನಾನೇ ಫೋನ್ ಮಾಡುತ್ತೇನೆ. ಸೊಸೆ ಕೇಳಿದರೆ ಜಗಳ ಆಗುತ್ತದೆ. ಹೊರಗಿನವರು ಕೇಳಿದರೆ ನಾಚಿಕೆ ಆಗುತ್ತದೆ, ಅಲ್ವಾ?

ಆ ಅಜ್ಜಿಯ ಮಗಳು ಬೆಂಗಳೂರಲ್ಲಿದ್ದಾಳೆ. ಈ ಸಲ ಕೊಯ್ಲಿನ ಹೊತ್ತಿಗೆ ಹದಿನೈದು ದಿನ ರಜೆ ಹಾಕಿ ಬಂದಿದ್ದಾಳಂತೆ. ಹೇಗಿದ್ದೀರಿ ಅಂತ ಕೇಳಲು ನಿನ್ನೆ ಮಧ್ಯಾಹ್ನ ಸೊಸೆಗೆ ಫೋನ್ ಮಾಡಿದೆ. ಎತ್ತಲಿಲ್ಲ. ತೋಟದಲ್ಲಿದ್ದಳು.