ಅಲಸಂದೆಯ ಬೇರಿಗೆ ಗಂಟುಬಿದ್ದ ಕಳೆ

ಪರಾವಲಂಬಿ ಕಳೆಗಳ ಬಗ್ಗೆ ಓದುವಾಗಲೆಲ್ಲ ನನ್ನನ್ನು ಹೆಚ್ಚು ಕಾಡುವುದು ಪಶ್ಚಿಮ ಆಫ್ರಿಕಾದ ಅಲಸಂದೆ ಹೊಲಗಳು. ನೈಜೀರಿಯಾ, ನೈಜರ್, ಬುರ್ಕಿನಾ ಫಾಸೊಗಳ ಒಣ ಪ್ರದೇಶದಲ್ಲಿ ಬಡವರ ಊಟದ ಪ್ರೋಟೀನೂ ದನಗಳ ಮೇವೂ ಆಗಿರುವ ಈ ಬೆಳೆಗೆ ಸ್ಟ್ರೈಗಾ ಗೆಸ್ನೆರಿಯಾಯ್ಡಿಸ್ ಎಂಬ ಕಳೆ ಗಂಟುಬಿದ್ದಿದೆ.

ಧೂಳಿನ ಕಣದಂತಹ ಇದರ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಸುಪ್ತವಾಗಿದ್ದು, ಅಲಸಂದೆಯ ಬೇರು ಸ್ರವಿಸುವ ಸ್ಟ್ರೈಗೋಲ್ಯಾಕ್ಟೋನ್ ಎಂಬ ರಾಸಾಯನಿಕ ತಾಗಿದಾಗ ಮೊಳೆಯುತ್ತದೆ. ರಂಜಕ ಒದಗಿಸುವ ಮೈಕೋರೈಜಾ ಶಿಲೀಂಧ್ರಗಳನ್ನು ಕರೆಯಲು ಗಿಡ ಬಳಸುವ ಸಂಕೇತವೂ ಅದೇ. ಆ ಕರೆಗೆ ಕಳೆಯೂ ಓಗೊಡುತ್ತದೆ. ಮೊಳಕೆಯು ಬೇರಿಗೆ ಅಂಟಿ, ಹೀರುಬೇರನ್ನು ಒಳಗೆ ತೂರಿಸಿ, ಅಲ್ಲಿಯೇ ಗಡ್ಡೆಯಂತೆ ಊದಿಕೊಂಡು ನೀರನ್ನೂ ಆಹಾರವನ್ನೂ ಸೆಳೆಯತೊಡಗುತ್ತದೆ. ತಿಳಿನೇರಳೆ ಹೂವಿನ ಕಳೆ ಮಣ್ಣಿನ ಮೇಲೆ ಕಾಣಿಸಿಕೊಳ್ಳುವ ಹೊತ್ತಿಗೆ ಬಹುಪಾಲು ಹಾನಿ ಆಗಿಹೋಗಿರುತ್ತದೆ. ಆಗ ಕೈಯಿಂದ ಕಿತ್ತರೆ ಮುಂದಿನ ವರ್ಷಗಳಿಗಾಗಿ ಬೀಜ ಉದುರುವುದನ್ನು ತಡೆಯಬಹುದೇ ಹೊರತು ನಿಂತ ಬೆಳೆಯ ನಷ್ಟವನ್ನು ತುಂಬಿಕೊಳ್ಳಲಾಗದು.

ಬೋಟ್ಸ್ವಾನಾದ ಬಿ301 ಎಂಬ ನಾಟಿ ತಳಿಯಲ್ಲಿ, ಕಳೆ ತೂರಿದ ಜಾಗದ ಬೇರಿನ ಕೋಶಗಳು ತಾವೇ ಸತ್ತು ಅದಕ್ಕೆ ಆಹಾರ ಸಿಗದಂತೆ ಮಾಡುತ್ತವೆ. ಈ ನಿರೋಧಕತೆಗೆ ಬೇಕಾದ ಒಂದು ವಂಶವಾಹಿಯನ್ನು 2009ರಲ್ಲಿ ವಿಜ್ಞಾನಿಗಳು ಗುರುತಿಸಿದರು. ಆದರೆ ಬೆನಿನ್‌ನ ಜಕ್ಪೋಟಾ ಪ್ರದೇಶದ ಸ್ಟ್ರೈಗಾ ಬಗೆಯೊಂದು ಬಿ301ನ್ನೂ ಮಣಿಸಿದೆ. ಹೀಗಾಗಿ ಒಂದೇ ತಳಿಯನ್ನು ನೆಚ್ಚಿಕೊಳ್ಳುವುದು ಸರಿಯಲ್ಲ, ನಿರೋಧಕ ತಳಿಯ ಜೊತೆಗೆ ಬೆಳೆ ಪರಿವರ್ತನೆಯೂ ಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಲಸಂದೆಯ ಸ್ಟ್ರೈಗಾ ಸಜ್ಜೆ, ಜೋಳಗಳ ಮೇಲೆ ಬೆಳೆಯದು. ಆದರೆ ಆ ಧಾನ್ಯಗಳನ್ನು ಹೀರುವ ಸ್ಟ್ರೈಗಾ ಹರ್ಮಾಂತಿಕಾ ಅದೇ ಸೀಮೆಯಲ್ಲಿ ಹಬ್ಬಿರುವುದರಿಂದ, ಯಾವ ಹೊಲದಲ್ಲಿ ಯಾವುದಿದೆ ಎಂದು ತಿಳಿದೇ ಮುಂದಿನ ಬಿತ್ತನೆಯನ್ನು ನಿರ್ಧರಿಸಬೇಕಾಗುತ್ತದೆ.