ಸುರಗಿಯ ನಾಲ್ಕು ತಂಬಿಗೆ ಮತ್ತು ಒಂದು 20 ಎಂಎಂ ಲೆನ್ಸ್

ನಮ್ಮ ಬಾಗಲಕೋಟೆ ಕಡೆಯ ಮದುವೆಗಳಲ್ಲಿ ಸುರಗಿ ಸುತ್ತುವ ಶಾಸ್ತ್ರ ಸಾಮಾನ್ಯವಾಗಿ ಮನೆಯ ಅಂಗಳದಲ್ಲೋ ಪಡಸಾಲೆಯಲ್ಲೋ ನಡೆಯುತ್ತದೆ. ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಅವುಗಳ ಸುತ್ತ ನೂಲು ಸುತ್ತಿ, ನಡುವೆ ಕೂರಿಸಿದವರಿಗೆ ಮುತ್ತೈದೆಯರು ಅರಿಸಿನ ಹಚ್ಚಿ ನೀರೆರೆಯುತ್ತಾರೆ. ನೆಂಟರೆಲ್ಲ ಒತ್ತಾಗಿ ನಿಂತಿರುವಾಗ ಛಾಯಾಗ್ರಾಹಕನಿಗೆ ಸಿಗುವುದು ಹೆಚ್ಚೆಂದರೆ ಐದು ಅಡಿ ದೂರ, ಬೆನ್ನ ಹಿಂದೆ ಗೋಡೆ. ಹೋದ ವರ್ಷ ಗುಳೇದಗುಡ್ಡದ ಒಂದು ಮನೆಯಲ್ಲಿ 35 ಎಂಎಂ ಲೆನ್ಸ್ (ಈ ಎಂಎಂ ಸಂಖ್ಯೆ, ಅಂದರೆ ಫೋಕಲ್ ಲೆಂತ್, ಚಿಕ್ಕದಾದಷ್ಟೂ ನೋಟ ಅಗಲ) ಹಾಕಿಕೊಂಡು ನಿಂತಿದ್ದ ನನ್ನ ಚೌಕಟ್ಟಿಗೆ ಎರಡೇ ತಂಬಿಗೆ ಬಂದವು. ಚೀಲದಿಂದ ಜೂಮ್ ತೆಗೆದು ಬದಲಿಸುವಷ್ಟರಲ್ಲಿ ನೀರೆರೆದು ಮುಗಿದಿತ್ತು. ಮನೆಯವರು ಏನೂ ಅನ್ನಲಿಲ್ಲ. ಆದರೆ ಆಲ್ಬಮ್ಮಿನ ಆ ಪುಟ ನನಗೆ ಈಗಲೂ ನೋವು ಕೊಡುತ್ತದೆ. ಅಗಲದ ಪ್ರೈಮ್ ಲೆನ್ಸ್ (ಜೂಮ್ ಇಲ್ಲದ, ಒಂದೇ ಫೋಕಲ್ ಲೆಂತಿನ ಲೆನ್ಸ್) ಒಂದನ್ನು ಕೊಳ್ಳಲೇಬೇಕೆಂದು ನಿರ್ಧರಿಸಿದ್ದು ಅಂದೇ.

ಸೋನಿ ಕ್ಯಾಮೆರಾ ಬಳಸುವ ನನ್ನ ಮುಂದೆ ಇದ್ದವು ಎರಡು: 24 ಎಂಎಂ ಎಫ್ 1.4 ಜಿ ಮಾಸ್ಟರ್ ಮತ್ತು 20 ಎಂಎಂ ಎಫ್ 1.8 ಜಿ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಒಳಬಿಡುತ್ತದೆ. ಮೊದಲನೆಯದರ ತೂಕ 445 ಗ್ರಾಂ, ಎರಡನೆಯದರದು 373 ಗ್ರಾಂ. ಎರಡಕ್ಕೂ 67 ಎಂಎಂ ಫಿಲ್ಟರ್ ಕೂಡುತ್ತದೆ. ಯಾರನ್ನು ಕೇಳಿದರೂ 24 ಎಂದೇ ಹೇಳುತ್ತಿದ್ದರು, ಏಕೆಂದರೆ ಎಫ್ 1.4ರ ಬೆಳಕು ಮತ್ತು ಹಿನ್ನೆಲೆಯ ಮಸುಕು ಎರಡೂ ಆಕರ್ಷಕ. ಎರಡನ್ನೂ ಎರಡು ದಿನ ಬಾಡಿಗೆಗೆ ತಂದು ನಮ್ಮ ಮನೆಯ ಪಡಸಾಲೆಯಲ್ಲಿ ಟೇಪು ಹಿಡಿದು ಅಳೆದ ಮೇಲೆ ನನ್ನ ಲೆಕ್ಕ ಬೇರೆಯಾಯಿತು.

ಫುಲ್ ಫ್ರೇಮ್ ಸೆನ್ಸರಿನ ಅಗಲ 36 ಎಂಎಂ. ಅದನ್ನು ಲೆನ್ಸಿನ ಫೋಕಲ್ ಲೆಂತಿನಿಂದ ಭಾಗಿಸಿ, ಬಂದದ್ದನ್ನು ನಾವು ನಿಂತ ದೂರದಿಂದ ಗುಣಿಸಿದರೆ ಚೌಕಟ್ಟಿಗೆ ಎಷ್ಟು ಅಗಲ ಹಿಡಿಯುತ್ತದೆಂದು ಗೊತ್ತಾಗುತ್ತದೆ. ಐದು ಅಡಿಯಿಂದ 35 ಎಂಎಂ ಸುಮಾರು 5 ಅಡಿಯನ್ನು, 24 ಎಂಎಂ ಏಳೂವರೆ ಅಡಿಯನ್ನು, 20 ಎಂಎಂ 9 ಅಡಿಯನ್ನು ಹಿಡಿಯುತ್ತದೆ. ಇದು ಸ್ಥಿರಚಿತ್ರದ ಮಾತು. ವಿಡಿಯೊದಲ್ಲಿ ಕೈನಡುಕ ತಡೆಯಲು ಆಕ್ಟಿವ್ ಸ್ಟೆಬಿಲೈಸೇಷನ್ ಹಾಕಿದೊಡನೆ ಕ್ಯಾಮೆರಾ ಅಂಚುಗಳನ್ನು ಸುಮಾರು ಶೇಕಡ ಹತ್ತರಷ್ಟು ಕತ್ತರಿಸುತ್ತದೆ. ಆಗ 24ಕ್ಕೆ ಉಳಿಯುವುದು ಏಳು ಅಡಿಗೂ ಕಡಿಮೆ, 20ಕ್ಕೆ ಎಂಟು ಅಡಿಗೂ ಹೆಚ್ಚು. ನನ್ನ ಸೋನಿ ಎ7-4 ಕ್ಯಾಮೆರಾದಲ್ಲಿ ನೀರೆರೆಯುವುದನ್ನು ನಿಧಾನಗತಿಯಲ್ಲಿ ತೋರಿಸಲು ಸೆಕೆಂಡಿಗೆ 60 ಫ್ರೇಮಿನ 4ಕೆ ಆರಿಸಿದರೆ ಒಂದೂವರೆ ಪಟ್ಟು ಕ್ರಾಪ್ ಆಗಿ (ಸೆನ್ಸರಿನ ನಡುಭಾಗ ಮಾತ್ರ ಬಳಕೆಯಾಗಿ) 20 ಎಂಎಂ 30 ಎಂಎಂನಂತೆ ಕಾಣುತ್ತದೆ, 24 ಎಂಎಂ 36 ಆಗಿಬಿಡುತ್ತದೆ. ಅಂದರೆ ದುಬಾರಿ ಲೆನ್ಸ್ ಕೊಂಡೂ ಗುಳೇದಗುಡ್ಡದ ಅದೇ ಗೋಡೆಗೆ ಬೆನ್ನು ಕೊಟ್ಟು ನಿಂತಂತೆ. ವಿಡಿಯೊ ಮಾಡುವವರು ಲೆನ್ಸಿನ ಮೇಲೆ ಬರೆದ ಸಂಖ್ಯೆಯನ್ನಲ್ಲ, ಕ್ರಾಪ್ ಆದ ಮೇಲೆ ಉಳಿಯುವ ಸಂಖ್ಯೆಯನ್ನು ನೋಡಿ ಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಹಾಗಾದರೆ 16ರಿಂದ 35 ಎಂಎಂವರೆಗೆ ಬದಲಿಸಬಹುದಾದ ಎಫ್ 2.8 ಜೂಮ್ ಸಾಲದೇ ಎಂದು ಕೇಳಬಹುದು. ಸ್ಥಿರಚಿತ್ರದಲ್ಲಿ ಶಟರ್ ನಿಧಾನ ಮಾಡಿ ಬೆಳಕು ಗಳಿಸಬಹುದು. ವಿಡಿಯೊದಲ್ಲಿ ಆ ದಾರಿ ಇಲ್ಲ. ನಮ್ಮ ವಿದ್ಯುತ್ 50 ಹರ್ಟ್ಸ್ ಆದ್ದರಿಂದ ಟ್ಯೂಬ್‌ಲೈಟು ಮಿನುಗದಂತೆ 25 ಫ್ರೇಮಿಗೆ ಶಟರನ್ನು 1/50ರಲ್ಲೇ ನಿಲ್ಲಿಸಬೇಕು. ಉಳಿಯುವುದು ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ, ಅದರ ಅಳತೆಯೇ ಎಫ್ ಸಂಖ್ಯೆ) ಮತ್ತು ಐಎಸ್ಒ (ಏರಿಸಿದಷ್ಟೂ ಚಿತ್ರದಲ್ಲಿ ಕಾಳುಕಾಳು ಹೆಚ್ಚುವ ಬೆಳಕಿನ ಸಂವೇದನೆ) ಮಾತ್ರ. ಜೂಮ್ 6400 ಐಎಸ್ಒ ಬೇಡುವ ಪಡಸಾಲೆಯಲ್ಲಿ ಎಫ್ 1.8 ಸುಮಾರು 2600ಕ್ಕೇ ತೃಪ್ತಿಪಡುತ್ತದೆ, ಎಫ್ 1.4 ಆದರೆ 1600 ಸಾಕು. ಆ ಕೊನೆಯ ಲಾಭವನ್ನು ನಾನು ಅಗಲಕ್ಕಾಗಿ ಬಿಟ್ಟುಕೊಟ್ಟು 20 ಎಂಎಂ ಅನ್ನೇ ಆರಿಸಿದೆ.

ಬಾದಾಮಿಯ ಮೂರನೆಯ ಗುಹೆಯಲ್ಲಿ, ಚಾಲುಕ್ಯ ಮಂಗಳೇಶನ ಕ್ರಿ.ಶ. 578ರ ಶಾಸನವಿರುವ ಆ ಗುಹೆಯ ಮೊಗಸಾಲೆಯ ಪೂರ್ವದ ತುದಿಯಲ್ಲಿ, ಶೇಷನ ಮೇಲೆ ಕುಳಿತ ವಿಷ್ಣುವಿನೆದುರು ನಿಂತಾಗಲೂ ಈ ಅಗಲ ಕೈಹಿಡಿಯಿತು. ಅಲ್ಲಿ ಕ್ಯಾಮೆರಾವನ್ನು ಮೇಲಕ್ಕೆ ವಾಲಿಸಿದರೆ ಕಂಬಗಳು ಒಳಕ್ಕೆ ಬಾಗಿ, ಕೆತ್ತಿದವರ ನೇರ ಗೆರೆಗಳೆಲ್ಲ ಕೆಡುತ್ತವೆ. ಕ್ಯಾಮೆರಾವನ್ನು ಮಟ್ಟಸವಾಗಿ ಹಿಡಿದು, ಕೆಳಗಿನ ನೆಲವನ್ನು ಧಾರಾಳವಾಗಿ ಬರಲು ಬಿಟ್ಟು, ಆಮೇಲೆ ಕತ್ತರಿಸಿ ತೆಗೆಯುವುದೇ ಸರಿ. ನನ್ನ ಕ್ಯಾಮೆರಾದ 33 ಮೆಗಾಪಿಕ್ಸೆಲ್ಲಿನಲ್ಲಿ ಅಷ್ಟನ್ನು ಬಿಟ್ಟುಕೊಡಬಹುದು. ಹೊರಗಿನ ಬಿಸಿಲಿಗೆ ವೇರಿಯಬಲ್ ಎನ್‌ಡಿ ಫಿಲ್ಟರನ್ನು (ತಿರುಗಿಸಿ ಬೆಳಕು ತಗ್ಗಿಸುವ ಕಪ್ಪು ಗಾಜು) ಪೂರ್ತಿ ತಿರುಗಿಸಿದರೆ ಮಾತ್ರ ಇಷ್ಟು ಅಗಲದಲ್ಲಿ ಆಕಾಶದ ಮೇಲೆ ಕಪ್ಪು ಕತ್ತರಿ ಗುರುತು ಮೂಡುತ್ತದೆ, ಹಾಗಾಗಿ ಸ್ಥಿರ ಎನ್‌ಡಿಯೇ ಒಳ್ಳೆಯದು.

20 ಎಂಎಂನ ದೋಷವನ್ನೂ ಹೇಳಲೇಬೇಕು. ಚೌಕಟ್ಟಿನ ಅಂಚಿಗೆ ಬಂದ ಮುಖ ಅಗಲಕ್ಕೆ ಎಳೆದಂತಾಗುತ್ತದೆ, ತೋಳು ದಪ್ಪಗೆ ಕಾಣುತ್ತದೆ. ಆದ್ದರಿಂದ ಸುರಗಿಯಲ್ಲಿ ಅಂಚುಗಳಿಗೆ ತಂಬಿಗೆಗಳನ್ನೂ ನೂಲನ್ನೂ ಬಿಟ್ಟು, ಮುಖಗಳನ್ನು ನಡುವಿನ ಅರ್ಧದಲ್ಲೇ ಇರಿಸಿಕೊಳ್ಳುತ್ತೇನೆ. ಇದೇ ಲೆನ್ಸ್ 19 ಸೆಂಟಿಮೀಟರಿನವರೆಗೂ ಫೋಕಸ್ ಮಾಡುವುದರಿಂದ, ನೆನೆದ ಇಳಕಲ್ ಸೀರೆಯ ತೋಪ್ ತೆನಿ ಸೆರಗಿನಿಂದ ಹನಿ ತೊಟ್ಟಿಕ್ಕುವುದನ್ನು ಎದುರಿಗೇ ಹಿಡಿದು, ಅದರ ಹಿಂದೆ ಇಡೀ ಅಂಗಳವನ್ನು ತೋರಿಸುವುದು ಸಾಧ್ಯವಾಗಿದೆ. ಹಿರಿಯರನ್ನೆಲ್ಲ ಸಾಲಾಗಿ ನಿಲ್ಲಿಸಿ ತೆಗೆಯುವ ಫೋಟೊಕ್ಕೆ ಮಾತ್ರ ಈಗಲೂ ಅಂಗಳದಾಚೆಗೆ ಹೋಗಿ, ಹಳೆಯ 35 ಎಂಎಂ ಅನ್ನೇ ಹಾಕುತ್ತೇನೆ.